ಅರಗು ಹಚ್ಚಿದ ಕೈ

ಮುರಿದ ಸ್ಟೀಲ್ ಸರಳಿನ ತುಂಡನ್ನು ಫೌಜದಾರರು ಎಸೆದಂತೆಯೇ ಠಾಣೆಯ ಮೇಜಿನ ಮೇಲಿಟ್ಟರು. ಅದು ಉರುಳಿ ಮಸಿಕುಡಿಕೆಗೆ ತಾಗಿ ನಿಂತಿತು.

“ನೋಡ್ರಿ ಬಾಯಾರ, ಕಣ್ತುಂಬ ನೋಡ್ರಿ. ಮುರದ ಜಾಗಾ ಅರ್ಧ ನುಣ್ಣಗ ಐತಿ, ಅರ್ಧ ಒರಟ ಐತಿ. ನುಣ್ಣಗ ಇದ್ದಷ್ಟು ಗರಗಸದ್ಲೆ ಕೊಯ್ದದ್ದು. ಉಳದದ್ದು ಭಾರಕ್ಕ ತಾನ ಮುರದದ್ದು. ಇನ್ನೇನ ಬೇಕು ನಿಮಗ?”

ವಿಮಲಾಬಾಯಿ ತುಂಡಿನತ್ತ ಬಾಗಿದಳು. ಗದಗಿನ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವ ಆಕೆಗೆ, ಹುಡುಗಿಯರು ಉತ್ತರವನ್ನು ಮೊದಲು ಬರೆದುಕೊಂಡು ಲೆಕ್ಕವನ್ನು ಆಮೇಲೆ ಜೋಡಿಸುವುದು ಹೊಸದಲ್ಲ. ಇಲ್ಲಿ ಅದೇ ಕೆಲಸವನ್ನು ಟೋಪಿ ಹಾಕಿಕೊಂಡವರು ಮಾಡಿದ್ದರು.

ಗೋಡೆಯ ಆಚೆ ಲಾಕಪ್ಪಿನಲ್ಲಿ ದಾದಾಪೀರ ಇದ್ದ. ಬೆಟಗೇರಿಯ ಮಾರ್ತಾಂಡರಾಯರ ಬಣ್ಣದ ಕಾರಖಾನೆಯಲ್ಲಿ ಅವನು ಸರಪಳಿ ಎಳೆಯುವವನು. ನೂಲಿನ ಲಡಿಗಳನ್ನು ಸರಳಿಗೆ ನೇತುಹಾಕಿ ಕುದಿಯುವ ಬಣ್ಣದ ಕಡಾಯಿಗೆ ಇಳಿಸುವುದು, ಮತ್ತೆ ಎತ್ತುವುದು, ಮತ್ತೆ ಇಳಿಸುವುದು ಅವನ ಕೆಲಸ. ಹೋದ ವಾರ ಎತ್ತುತ್ತಿದ್ದಾಗ ಸರಳು ನಟ್ಟನಡುವೆ ಮುರಿಯಿತು. ಒದ್ದೆ ಲಡಿಗಳ ಭಾರವೆಲ್ಲ ಕಡಾಯಿಗೆ ಬಿದ್ದು, ಕುದಿಯುವ ನೀಲಿ ನೀರು ಬಣ್ಣಗಾರ ಸಕ್ರಪ್ಪನ ಮೈಮೇಲೆ ಉಕ್ಕಿತು. ಸಕ್ರಪ್ಪ ಉಳಿಯಲಿಲ್ಲ.

ಹಿಂದಿನ ದಿನವೇ ಅವನಿಗೂ ದಾದಾಪೀರನಿಗೂ ಅಂಗಳದಲ್ಲಿ ಜಗಳವಾಗಿತ್ತು. ಎಲ್ಲರೂ ನೋಡಿದ್ದರು. ಯಾತಕ್ಕೆ ಜಗಳವೆಂದು ದಾದಾಪೀರ ಬಾಯಿ ಬಿಡಲೊಲ್ಲ. ಪೊಲೀಸರಿಗೆ ಅಷ್ಟು ಸಾಕಾಗಿತ್ತು.

ಬಾಗಿಲ ಹೊರಗೆ ಅವನ ತಾಯಿ ರಹಿಮತಬಿ ಮೆಟ್ಟಿಲ ಮೇಲೆ ಕುಳಿತಿದ್ದಳು. ಹಿಂದಿನ ದಿನ ವಿಮಲಾಬಾಯಿಯ ಮನೆಗೆ ಹೋಗಿ, ಮಗನ ಪರವಾಗಿ ಠಾಣೆಗೆ ಬರಬೇಕೆಂದು ಬೇಡಿಕೊಂಡವಳು ಅವಳೇ. ಒಳಗೆ ಬೆಂಚು ಖಾಲಿ ಇತ್ತು. ಅವಳನ್ನು ಒಳಗೆ ಕರೆಯಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ.

“ನಾಳೆ ಕಾಗದ ಕೋರ್ಟಿಗೆ ಹೋಗ್ತಾವ,” ಎಂದರು ಫೌಜದಾರರು. “ಅದಕ್ಕ ನಿಮಗ ತೋರಸ್ಲಿಕತ್ತೀನಿ. ಆಮ್ಯಾಲೆ ಬಾಯಾರಿಗೆ ತೋರಸ್ಲಿಲ್ಲ ಅನ್ನೂದು ಬ್ಯಾಡ.”

ವಿಮಲಾಬಾಯಿ ತುಂಡನ್ನು ಕಿಟಕಿಯ ಬೆಳಕಿಗೆ ಒಯ್ಯಲು ಅಪ್ಪಣೆ ಕೇಳಿದಳು. ಹವಾಲ್ದಾರ ಮುದಕಪ್ಪ ಅದನ್ನು ಎರಡೂ ಕೈಯಲ್ಲಿ ಹಿಡಿದು ನಿಂತ. ಆಕೆ ಚೀಲದಿಂದ ಭೂತಗನ್ನಡಿ ತೆಗೆದಳು.

ಗರಗಸ ಓಡಾಡಿದ ಜಾಗದಲ್ಲಿ ಗೆರೆಗಳು ನೆಟ್ಟಗೆ, ಒಂದರ ಪಕ್ಕ ಒಂದು ಬೀಳುತ್ತವೆ. ಈ ನುಣುಪಿನಲ್ಲಿ ನೆಟ್ಟಗಿನ ಗೆರೆ ಒಂದೂ ಇರಲಿಲ್ಲ. ಇದ್ದವು ಬಾಗಿದ ಗೆರೆಗಳು. ಬಾವಿಯ ದಂಡೆಗೆ ಹತ್ತಿರ ಕಲ್ಲು ಬಿದ್ದಾಗ ತೆರೆಗಳು ಅಲ್ಲಿಂದ ಸರಿದು ಹೋಗುವಂತೆ, ಎಲ್ಲ ಗೆರೆಗಳೂ ಸರಳಿನ ಅಂಚಿನ ಒಂದೇ ಬಿಂದುವಿನಿಂದ ಹೊರಟಿದ್ದವು.

ಇಷ್ಟು ದಿನ ಈ ತುಂಡು ಇದೇ ಮೇಜಿನ ಮೇಲಿತ್ತು. ಯಾರೂ ಅದನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಿರಲಿಲ್ಲ.

“ಫೌಜದಾರ್ರ, ನಿಮ್ಮ ಮನ್ಯಾಗ ಬಕೀಟಿನ ಹಿಡಿಕಿ ಎಂದಾದ್ರೂ ಮುರದದ ಏನು?”

“ಮುರೀತತಿ. ಮುರೀಲಾರದ ಏನ್ರಿ.”

“ಅದನ್ನ ಯಾರು ಗರಗಸಲೆ ಕೊಯ್ದಿದ್ರು?”

ಫೌಜದಾರರು ಹುಬ್ಬೇರಿಸಿದರು. ವಿಮಲಾಬಾಯಿ ನಿಧಾನವಾಗಿ ಹೇಳಿದಳು. ಉಕ್ಕೂ ದಣಿಯುತ್ತದೆ. ಒಂದು ಸಲ ಹೊತ್ತ ಭಾರಕ್ಕೆ ಅದು ಜಗ್ಗುವುದಿಲ್ಲ. ಆದರೆ ಅದೇ ಭಾರವನ್ನು ದಿನಾ ಹೇರಿ ಇಳಿಸಿ, ಹೇರಿ ಇಳಿಸಿ ಮಾಡಿದರೆ, ಸರಳು ಕಣ್ಣಿಗೆ ಕಾಣದಷ್ಟು ಬಾಗಿ ಮತ್ತೆ ನೆಟ್ಟಗಾಗುತ್ತದೆ. ಮೈಮೇಲೆ ಎಲ್ಲಿ ಒಂದು ಗೀರು ಇದೆಯೋ ಅಲ್ಲಿ ಕೂದಲೆಳೆಯಷ್ಟು ಸೀಳು ಹುಟ್ಟುತ್ತದೆ. ಆಮೇಲೆ ಅದು ದಿನಕ್ಕಿಷ್ಟು ಒಳಗೆ ಸರಿಯುತ್ತದೆ. ಉಳಿದ ಭಾಗಕ್ಕೆ ಭಾರ ತಡೆಯಲಾಗದ ದಿನ ಸರಳು ಮುರಿಯುತ್ತದೆ. ನುಣ್ಣಗಿರುವುದು ಸೀಳು ನಡೆದ ದಾರಿ. ಒರಟಾಗಿರುವುದು ಆ ಕೊನೆಯ ದಿನದ್ದು.

“ಸ್ಟೀಲ್ ದಣೀತತಂತೋ ಮುದಕಪ್ಪಾ,” ಎಂದರು ಫೌಜದಾರರು. “ನಾವೂ ದಣದೀವಿ. ನಮ್ಮನ್ನ ಯಾವ ಬಾಯಾರೂ ಭೂತಗನ್ನಡಿ ಹಿಡದು ನೋಡವಲ್ರು.”

ಮುದಕಪ್ಪ ನಗಲಿಲ್ಲ. ವಿಮಲಾಬಾಯಿ ಶಾಲೆಯಿಂದ ತಂದ ಅಯಸ್ಕಾಂತವನ್ನು ಅವನ ಕೈಗೆ ಕೊಟ್ಟು, ಸರಳಿನ ಹಿಂಬದಿಗೆ ಹಿಡಿಯಲು ಹೇಳಿದಳು. ಹತ್ತಲಿಲ್ಲ. ಇದು ಜಂಗು ಹಿಡಿಯದ ಜಾತಿಯ ಉಕ್ಕು, ಪಾತ್ರೆಯ ಸ್ಟೀಲಿನಂಥದ್ದು. ಅಯಸ್ಕಾಂತಕ್ಕೆ ಇದು ಮಣಿಯುವುದಿಲ್ಲ. ಮುರಿದ ಅಂಚಿನ ಹತ್ತಿರ ತಂದಾಗ ಮಾತ್ರ ಅವನ ಬೆರಳನ್ನು ಯಾರೋ ಮೆಲ್ಲಗೆ ಜಗ್ಗಿದಂತಾಯಿತು. ಅವನು ಬೆಚ್ಚಿ ಅದನ್ನು ಹಿಂದೆ ತೆಗೆದ. ಮತ್ತೆ ಮತ್ತೆ ಪೆಟ್ಟು ತಿಂದು ಬಾಗಿದ ಜಾಗದಲ್ಲಿ ಈ ಉಕ್ಕಿನ ಒಳಗುಣವೇ ಬದಲಾಗುತ್ತದೆ, ಅದಕ್ಕೇ ಅಲ್ಲಿ ಅಯಸ್ಕಾಂತ ಹತ್ತುತ್ತದೆ ಎಂದಳು ವಿಮಲಾಬಾಯಿ.

“ಇನ್ನ ಬಣ್ಣ ನೋಡ್ರಿ.”

ನುಣುಪಾದ ಭಾಗ ಒಂದೇ ಬಣ್ಣದ್ದಾಗಿರಲಿಲ್ಲ. ಅಂಚಿನ ಬಿಂದುವಿನ ಸುತ್ತ ಕಪ್ಪಿಗೆ ತಿರುಗಿದ ಕೆಂಪು. ಅದರಾಚೆ ಹಸಿರು. ಅದರಾಚೆ ಬರೀ ನೀಲಿ. ಕಡಾಯಿಯಲ್ಲಿ ಯಾವ ಬಣ್ಣ ಕುದಿಯುತ್ತಿತ್ತೋ ಆ ಬಣ್ಣ, ಆಗ ಸೀಳು ಎಷ್ಟು ಆಳವಿತ್ತೋ ಅಷ್ಟು ಆಳಕ್ಕೆ ಇಳಿದು ಕುಳಿತಿತ್ತು.

ಮುದಕಪ್ಪನ ಮನೆಯಲ್ಲಿ ಹೆಂಡತಿ ನೂಲು ಸುತ್ತುವವಳು. ಯಾವ ಕಾಲಕ್ಕೆ ಯಾವ ಬಣ್ಣ ಎಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕೆಂಪು ದೀಪಾವಳಿಗೆ ಮುಂಚಿನದು, ಹಸಿರು ಸಂಕ್ರಾಂತಿಯದು, ನೀಲಿ ಶಿವರಾತ್ರಿಯಿಂದೀಚಿನದು ಎಂದು ತಾನೇ ಅಂದ. ಅಂದಮೇಲೆ ಫೌಜದಾರರ ಮುಖ ನೋಡಿ ಸುಮ್ಮನಾದ.

ದಾದಾಪೀರ ಶಿವರಾತ್ರಿಯವರೆಗೂ ಮುಂಡರಗಿಯಲ್ಲಿದ್ದ. ತನ್ನ ಸೋದರಮಾವನ ಕಲಾಯಿ ಅಂಗಡಿಯಲ್ಲಿ ಪಾತ್ರೆಗೆ ಕಲಾಯಿ ಹಾಕುತ್ತಿದ್ದ. ಅವನು ಬೆಟಗೇರಿಗೆ ಬರುವ ಮೊದಲೇ ಸರಳು ಸೀಳಿತ್ತು.

ಫೌಜದಾರರು ಈಗ ಕುರ್ಚಿಯಿಂದ ಎದ್ದು ಬಂದರು. ಅವರಿಗೆ ಸಿಟ್ಟು ಬಂದಿತ್ತು, ಆದರೆ ಯಾರ ಮೇಲೆ ಎಂದು ಅವರಿಗೇ ಗೊತ್ತಿದ್ದಂತಿರಲಿಲ್ಲ. ನೀಲಿಯ ಆಚೆ, ಒರಟು ಶುರುವಾಗುವ ಮುಂಚೆ, ಕುಡುಗೋಲಿನ ಬಾಯಿಯಷ್ಟು ತೆಳ್ಳಗೆ ಹೊಳೆಯುವ ಬಿಳಿ ಪಟ್ಟಿಯೊಂದಿತ್ತು. ಅದಕ್ಕೆ ಬೆರಳಿಟ್ಟು, ಇದಕ್ಕೆ ಬಣ್ಣ ಯಾಕೆ ಹತ್ತಿಲ್ಲ ಎಂದು ಕೇಳಿದರು.

ವಿಮಲಾಬಾಯಿ ಅದನ್ನು ಆಗಲೇ ನೋಡಿದ್ದಳು. ಸರಳಿನ ಹೊರಮೈಯಲ್ಲಿ, ಸೀಳು ಹುಟ್ಟಿದ ಕಡೆ, ಕೆಂಪಗೆ ಏನೋ ಅಂಟಿತ್ತು. ಉಗುರಿನಿಂದ ಕೆರೆದಳು. ಅರಗು. ಪಾರ್ಸೆಲ್ಲಿಗೆ ಮುದ್ರೆ ಒತ್ತುವ ಅರಗು. ಸೀಳಿನ ಬಾಯಿ ಮುಚ್ಚಿದ ಮೇಲೆ ಬಣ್ಣ ಒಳಗೆ ಹೋಗಲಿಲ್ಲ. ಸೀಳು ಮಾತ್ರ ಬೆಳೆಯುತ್ತಲೇ ಹೋಯಿತು.

ಆಕೆಯ ಸ್ವರ ಮೊದಲ ಬಾರಿಗೆ ಗಟ್ಟಿಯಾಯಿತು. “ಇದು ಸಕ್ರಪ್ಪ ಸಾಯೂ ಮುಂಚೆ ನಾಕಾರು ದಿನದಾಗ ಹಚ್ಚಿದ್ದು. ಹಚ್ಚಿದವರಿಗೆ ಸರಳು ಸೀಳೇದ ಅಂತ ಗೊತ್ತಿತ್ತು. ಗೊತ್ತಿದ್ದೂ ಸಕ್ರಪ್ಪನ್ನ ಅದರ ಬುಡಕ ನಿಲ್ಲಿಸಿದ್ರು. ಗರಗಸ ಹುಡುಕಬ್ಯಾಡ್ರಿ. ಅರಗು ಹಚ್ಚಿದ ಕೈ ಹುಡುಕ್ರಿ. ಕೊಂದದ್ದು ಆ ಕೈ.”

“ಖರೆ ಏನು?”

“ಖರೆ.”

ಫೌಜದಾರರು ಮುದಕಪ್ಪನತ್ತ ತಿರುಗಿ, ಬಾಯಾರ ಮಾತನ್ನು ಇದ್ದದ್ದು ಇದ್ದ ಹಾಗೆ ಬರೆದುಕೊಳ್ಳಲು ಹೇಳಿದರು. ಆ ಕೈ ಹುಡುಕಲು ಆಕೆಗೆ ಸಂಜೆಯವರೆಗೆ ಸಮಯ ಕೊಟ್ಟರು. ತುಂಡು ಮುದಕಪ್ಪನ ಚೀಲದಲ್ಲೇ ಇರಬೇಕು, ಅವನು ಆಕೆಯ ಜೊತೆಗೇ ಇರಬೇಕು. ಹೊರಗೆ ಬಂದ ವಿಮಲಾಬಾಯಿ ರಹಿಮತಬಿಯ ಕೈ ಹಿಡಿದು ಎಬ್ಬಿಸಿದಳು. ಮುದುಕಿಯ ಕೈ ಬಿಸಿಲಿಗೆ ಕಾದಿತ್ತು.

*

ಸೀಳು ಹುಟ್ಟಿದ ಬಿಂದುವಿನಲ್ಲಿ ಒಂದು ಉಳಿಯ ಗುರುತು ಇತ್ತು. ಭೂತಗನ್ನಡಿಯಲ್ಲಿ ನೋಡಿದರೆ ಅದು ಅರ್ಧ ಅಕ್ಷರ. ಉಳಿದರ್ಧ ಸರಳಿನ ಇನ್ನೊಂದು ತುಂಡಿನ ಜೊತೆ ಕಾರಖಾನೆಯಲ್ಲೇ ಉಳಿದಿತ್ತು.

ಸ್ಟೀಲಿನ ಮೇಲೆ ಉಳಿಯಿಂದ ಅಕ್ಷರ ಕೆತ್ತುವವರು ಯಾರೆಂದು ಈ ಊರಿನಲ್ಲಿ ಹುಡುಕಬೇಕಾಗಿಲ್ಲ. ಲಗ್ನಕ್ಕೆ ಕೊಂಡ ಕೊಡ, ಸೀಮಂತಕ್ಕೆ ಕೊಟ್ಟ ತಾಟು, ಯಾವುದೂ ಹೆಸರು ಹಾಕಿಸಿಕೊಳ್ಳದೆ ಪಾತ್ರೆ ಅಂಗಡಿಯಿಂದ ಹೊರಗೆ ಬರುವುದಿಲ್ಲ. ಅಂಗಡಿಯ ಕಟ್ಟೆಯ ಮೇಲೆ ಕರೀಮಸಾಬ ಒಂದು ತಂಬಿಗೆಯನ್ನು ತೊಡೆಯ ನಡುವೆ ಇಟ್ಟುಕೊಂಡು ಟಕ್ಕ ಟಕ್ಕ ಎಂದು ಯಾರದೋ ಅತ್ತೆಯ ಹೆಸರು ಬಡಿಯುತ್ತಿದ್ದ.

ಮುದಕಪ್ಪ ಚೀಲ ಬಿಚ್ಚಿ ತುಂಡು ತೋರಿಸಿದ. ಕರೀಮಸಾಬನ ಸುತ್ತಿಗೆ ನಿಂತಿತು.

ಹೋದ ದಸರೆಯ ಖಂಡೇಪೂಜೆಯ ದಿನ ರಾಯರು ಟಾಂಗಾ ಕಳಿಸಿ ಅವನನ್ನು ಕರೆಸಿಕೊಂಡಿದ್ದರು. ಮುಂಬೈಯಿಂದ ಹೊಸದಾಗಿ ಬಂದ ಸರಳುಗಳಿಗೆ ಕುಂಕುಮ ಹಚ್ಚಿ, ಹೂ ಏರಿಸಿ ಇಟ್ಟಿದ್ದರು. ತಮ್ಮ ತಂದೆಯ ಹೆಸರು ಹಾಕಬೇಕೆಂದರು. ಕರೀಮಸಾಬ ತುದಿಗೆ ಹಾಕಲು ಹೊರಟಾಗ ಬೇಡವೆಂದರು. ಸರಳು ಮೇಲೆ ಏರಿದಾಗ ಕೆಳಗೆ ನಿಂತ ವ್ಯಾಪಾರಸ್ಥರಿಗೆ ಕಾಣಬೇಕು, ಅಡಿಯಲ್ಲಿ, ನಟ್ಟನಡುವೆ ಹಾಕು ಎಂದರು. ಬಣ್ಣಕ್ಕೆ ಅಳಿಸದಂತೆ ಆಳವಾಗಿ ಹಾಕು ಎಂದೂ ಹೇಳಿದರು.

ಭಾರ ಬಿದ್ದಾಗ ಸರಳು ಎಲ್ಲಕ್ಕಿಂತ ಹೆಚ್ಚು ಎಳೆತಕ್ಕೆ ಸಿಕ್ಕುವುದು ಅದೇ ಜಾಗದಲ್ಲಿ. ಅಡಿಯಲ್ಲಿ, ನಟ್ಟನಡುವೆ.

“ಬಾಯಾರ, ಇದು ನನ್ನ ಉಳಿ ಪೆಟ್ಟಿಗೆ ಆದದ್ದೇನ್ರಿ?” ಕರೀಮಸಾಬ ತಂಬಿಗೆಯನ್ನು ಕೆಳಗಿಟ್ಟಿದ್ದ.

“ಉಳಿ ನಿಮ್ಮದು. ಜಾಗಾ ತೋರಿಸಿದ ಬೆರಳು ಅವರದು,” ಎಂದಳು ವಿಮಲಾಬಾಯಿ. ಅರಗಿನ ಬಗ್ಗೆ ಕೇಳಿದಳು. ತಾನು ಅರಗು ತುಂಬಿಲ್ಲ, ಪಾತ್ರೆಯ ಅಕ್ಷರಕ್ಕೆ ಅರಗು ಯಾರೂ ತುಂಬುವುದಿಲ್ಲ ಎಂದ. ಆಕೆ ಹೊರಟು ನಿಂತಾಗ ಅವನು ಇನ್ನೊಂದು ಮಾತು ಹೇಳಿದ. ಅವತ್ತು ಹೆಸರು ಹಾಕಿದ್ದು ಒಂದು ಸರಳಿಗಲ್ಲ. ಎರಡಕ್ಕೆ.

*

ಮಾರ್ತಾಂಡರಾಯರು ಆಕೆಯನ್ನು ಗೌರವದಿಂದಲೇ ಒಳಗೆ ಕರೆದರು. ಕೋಣೆಯಲ್ಲಿ ಹಸಿ ನೂಲಿನ ವಾಸನೆ ಇತ್ತು. ಮೇಜಿನ ಮೇಲೆ ಸೀರೆಯ ಪಾರ್ಸೆಲ್ಲುಗಳು, ಹಿತ್ತಾಳೆಯ ಮುದ್ರೆ, ಅರ್ಧ ಕರಗಿದ ಕೆಂಪು ಅರಗಿನ ಕಡ್ಡಿ. ರಹಿಮತಬಿ ಹೊಸ್ತಿಲ ಹೊರಗೇ ನಿಂತಳು. ಮುದಕಪ್ಪ ಟೋಪಿ ತೆಗೆದು ಗೋಡೆಗೆ ಸರಿದ.

ವಿಮಲಾಬಾಯಿ ಹೇಳುವುದನ್ನೆಲ್ಲ ರಾಯರು ಕೇಳಿಸಿಕೊಂಡರು. ಸಕ್ರಪ್ಪ ತಮಗೆ ಮನೆಯ ಮಗನಂತೆ ಇದ್ದ, ಅವನ ತಿಥಿಗೆ ತಾವೇ ಪಾತ್ರೆ ಕೊಡುವವರು ಎಂದರು. ಆ ಪಾತ್ರೆಗಳ ಮೇಲೂ ಹೆಸರು ಇರುತ್ತದೆ ಎಂದು ವಿಮಲಾಬಾಯಿಗೆ ಅನ್ನಿಸಿತು.

“ಹೆಸರು ಹಾಕಸೂದು ಅಪರಾಧ ಏನ್ರಿ ಬಾಯಾರ? ನಿಮ್ಮ ಮನಿ ತಂಬಗಿ ಮ್ಯಾಲೂ ನಿಮ್ಮ ಹೆಸರು ಇರಬೇಕಲ್ಲ.”

“ತಂಬಗಿ ಬುಡಕ ಯಾರೂ ನಿಂದರೂದಿಲ್ಲ ರಾಯರ.”

ರಾಯರು ಮುದ್ರೆಯನ್ನು ಎತ್ತಿ ಸ್ವಲ್ಪ ಪಕ್ಕಕ್ಕಿಟ್ಟರು. ಆಕೆ ಅರಗಿನ ಕಡ್ಡಿಯತ್ತ ಕೈ ತೋರಿಸಿದಳು. ಸೀಳು ಕಂಡಾಗ ಸರಳು ಬದಲಿಸಲಿಲ್ಲ, ಇದನ್ನು ಹಚ್ಚಿ ಮುಚ್ಚಿದಿರಿ ಎಂದಳು.

“ನಾ ಹಚ್ಚಿಲ್ಲ. ಯಾವ ದೇವರ ಮುಂದ ಬೇಕಾದ್ರೂ ಆಣಿ ಮಾಡ್ತೀನಿ. ಈ ಮೇಜಿನ ಮ್ಯಾಲಿನ ಅರಗು ಯಾರ ಬೇಕಾದ್ರೂ ಒಯ್ತಾರ.”

ಅವರು ಆಕೆಯ ಕಣ್ಣನ್ನೇ ನೋಡುತ್ತ ಹೇಳಿದರು. ಅದು ನಿಜ ಹೇಳುವವನ ಮುಖದಂತೆಯೇ ಇತ್ತು. ಆಕೆಗೆ ಸಿಟ್ಟು ಇನ್ನೂ ಹೆಚ್ಚಾಯಿತು.

“ಆಣಿ ಆಮ್ಯಾಲೆ ಮಾಡ್ರಿ. ಸೀಳು ಬಿಟ್ಟದ್ದು ನಿಮಗ ಗೊತ್ತಿತ್ತೋ ಇಲ್ಲೋ?”

ಹೊರಗೆ ಯಾರೋ ಲಡಿ ಒಗೆಯುವ ಸದ್ದು ಕೇಳುತ್ತಿತ್ತು. ರಾಯರ ಕಣ್ಣು ಪಾರ್ಸೆಲ್ಲಿನ ವಿಳಾಸದ ಮೇಲೆ ನಿಂತಿತ್ತು.

“ಇನ್ನೊಂದು ಸರಳು ಎಲ್ಲಿ ಅದ?”

“ಲಕ್ಷ್ಮೇಶ್ವರದಾಗ. ಅಲ್ಲಿ ನಮ್ಮ ಸಣ್ಣ ಕಡಾಯಿ ಅದ ಅಲ್ಲ, ಅಲ್ಲಿ ಏರಿಸೀವಿ. ಇಲ್ಲಿ ಕಡಾಯಿ ಮನಿಗೆ ಪೊಲೀಸರು ಬೀಗ ಹಾಕ್ಯಾರ, ಲಗ್ನದ ಸೀಜನ್ ನಿಂದರತದ ಏನು? ಇಲ್ಲಿನ ಮಾಲೂ ಅಲ್ಲೇ ಬಣ್ಣ ಆಗ್ಲಿಕತ್ತದ. ದುಪ್ಪಟ್ಟು ಕೆಲಸ.”

ದುಪ್ಪಟ್ಟು ಕೆಲಸ. ಅದೇ ದಿನ ಕುಂಕುಮ ಹಚ್ಚಿಸಿಕೊಂಡ ಸರಳು, ಅದೇ ಉಳಿ, ಅದೇ ಹೆಸರು, ಅದೇ ಜಾಗ. ಕೆಲಸ ಈಗಲೇ ನಿಲ್ಲಿಸಲು ಹೇಳಿ ಕಳಿಸಿ ಎಂದಳು ವಿಮಲಾಬಾಯಿ. ಅಲ್ಲಿ ಫೋನಿಲ್ಲ, ನಾಳೆ ನೋಡೋಣ ಎಂದರು ರಾಯರು. ನಾಳೆ ಎನ್ನುವ ಮಾತನ್ನು ಅವರು ಎಷ್ಟು ಹಗುರವಾಗಿ ಅಂದರೆಂದರೆ, ಗೋಡೆಗೆ ನಿಂತಿದ್ದ ಮುದಕಪ್ಪ ಕೂಡ ತಲೆ ಎತ್ತಿ ನೋಡಿದ.

ಆಗ ಹೊಸ್ತಿಲ ಹೊರಗಿನಿಂದ ರಹಿಮತಬಿಯ ದನಿ ಬಂತು. ಅಂದು ಬೆಳಗಿನಿಂದ ಆಕೆ ಆಡಿದ ಮೊದಲ ಮಾತು ಅದು.

“ನನ್ನ ಸೊಸಿ ಅಲ್ಲೇ ಅದಾಳ್ರಿ. ಗಂಡ ಒಳಗ ಕುಂತಾನ, ಹೊಟ್ಟಿಗೆ ಬೇಕಲ್ಲ, ಕೆಲಸಕ್ಕ ಬಾ ಅಂತ ರಾಯರ ಕರೆಸ್ಯಾರ. ಭಾಳ ದೊಡ್ಡ ಮನಸು ಅಂತ ನಾ ಕೈ ಮುಗದಿದ್ದೆ.”

ರಾಯರು ಅವಳತ್ತ ನೋಡಲಿಲ್ಲ.

*

ಶಿರಹಟ್ಟಿಯ ಮೇಲೆ ಲಕ್ಷ್ಮೇಶ್ವರಕ್ಕೆ ಹೋಗುವ ಬಸ್ಸು ಸಿಕ್ಕಿತು. ದಾರಿಯುದ್ದಕ್ಕೂ ಮುದಕಪ್ಪ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕುಳಿತ. ರಹಿಮತಬಿ ಮುಂದಿನ ಸೀಟಿನ ಸರಳನ್ನು ಬಿಗಿಯಾಗಿ ಹಿಡಿದಿದ್ದಳು. ಬಸ್ಸು ಪ್ರತಿಸಲ ಜಿಗಿದಾಗ ಅವಳ ಬೆರಳು ಇನ್ನಷ್ಟು ಬಿಗಿಯುತ್ತಿದ್ದವು. ವಿಮಲಾಬಾಯಿ ಮನಸ್ಸಿನಲ್ಲೇ ರಾಯರಿಗೆ ಶಿಕ್ಷೆ ಕೊಟ್ಟು ಮುಗಿಸಿದ್ದಳು.

ಲಕ್ಷ್ಮೇಶ್ವರದ ಕಡಾಯಿ ಊರಿನ ಅಂಚಿಗೆ, ತಗಡಿನ ಮಾಡಿನ ಕೆಳಗೆ ಇತ್ತು. ಗೋಡೆ ಇರಲಿಲ್ಲ. ಶಿಗ್ಲಿಯ ಕಡೆಯಿಂದ ಗಾಳಿ ಬೀಸಿ ಉಗಿಯನ್ನು ನಿಲ್ಲಗೊಡದೆ ಒಯ್ಯುತ್ತಿತ್ತು. ಕಡಾಯಿಯಲ್ಲಿ ಹಳದಿ ಕುದಿಯುತ್ತಿತ್ತು. ಲಡಿಗಳನ್ನು ಆಗಷ್ಟೇ ಮೇಲೆತ್ತಿದ್ದರು. ಅವು ಗೊನೆಗಳಂತೆ ಜೋತು ತೊಟ್ಟಿಕ್ಕುತ್ತಿದ್ದವು. ಆಚೆ ಬದಿಗೆ ಇಸಾಕ ಎನ್ನುವವನು ಸರಪಳಿಯನ್ನು ಭುಜಕ್ಕೆ ಸುತ್ತಿ ಹಿಡಿದು ನಿಂತಿದ್ದ. ಈಚೆ ಬದಿಗೆ, ಸರಳಿನ ಸರಿಯಾಗಿ ಕೆಳಗೆ, ಉದ್ದನೆಯ ಕೋಲಿನಿಂದ ಲಡಿ ತಿರುವುತ್ತಿದ್ದವಳು ರಹಿಮತಬಿಯ ಸೊಸೆ ದಿಲಶಾದಬಿ.

“ದಿಲಶಾದಬಿ, ಅಲ್ಲಿ ನಿಂದರಬ್ಯಾಡ. ಈಚಿ ಬಾ,” ಎಂದು ವಿಮಲಾಬಾಯಿ ಕೂಗಿದಳು.

ಅತ್ತೆಯನ್ನು ಕಂಡು ಅವಳು ಕೋಲು ಹಿಡಿದುಕೊಂಡೇ ಬಂದಳು. ಗಂಡನಿಗೆ ಏನಾದರೂ ಆಯಿತೇ ಎಂದು ಕೇಳಿದಳು. ರಹಿಮತಬಿ ಅವಳ ತೋಳು ಹಿಡಿದು ತನ್ನತ್ತ ಎಳೆದುಕೊಂಡಳು.

ವಿಮಲಾಬಾಯಿ ದೂರದಿಂದಲೇ ತಲೆ ಎತ್ತಿದಳು. ಸರಳಿನ ಅಡಿಯಲ್ಲಿ ರಾಯರ ತಂದೆಯ ಹೆಸರು ಚೆನ್ನಾಗಿಯೇ ಕಾಣುತ್ತಿತ್ತು. ನಡುವಿನ ಅಕ್ಷರದ ಮೇಲೆ ಕೆಂಪಗೆ, ಕುಂಕುಮದ ಬೊಟ್ಟಿನ ಹಾಗೆ, ಅರಗು.

ಇಲ್ಲೂ. ಒಬ್ಬ ಮನುಷ್ಯ ಬೆಂದು ಸತ್ತ ಮೇಲೂ. ಆಕೆ ಮುದಕಪ್ಪನಿಗೆ ಅದನ್ನು ತೋರಿಸಿ, ಕಣ್ಣಾರೆ ನೋಡಿಕೊಳ್ಳಲು ಹೇಳಿದಳು. ಆಮೇಲೆ ದಿಲಶಾದಬಿಯನ್ನು ಕೇಳಿದಳು.

“ಅದನ್ನ ಯಾರು ಹಚ್ಚಿದ್ರು? ಅಂಜಬ್ಯಾಡ. ರಾಯರ ಮಂದಿ ಹೌದಲ್ಲ?”

“ಇಲ್ರಿ. ನಾನ ಹಚ್ಚೇನಿ.”

ಕಟ್ಟಿಗೆ ಚಟಪಟ ಉರಿಯುತ್ತಿತ್ತು. ದಿಲಶಾದಬಿ ತಪ್ಪು ಮಾಡಿದವಳಂತೆ ಇರಲಿಲ್ಲ. ಒಲೆ ಹಚ್ಚಿದ್ದು ನಾನೇ ಎನ್ನುವವಳ ಹಾಗೆ ಹೇಳಿದ್ದಳು.

“ನಮ್ಮ ಮನಿಯವ್ರ ಕಲಿಸ್ಯಾರ್ರಿ. ಕಲಾಯಿ ಅಂಗಡ್ಯಾಗ ಹಂಗ ಮಾಡ್ತಾರ. ಹಂಡೇದಾಗ ಸೀಳು ಐತೋ ಇಲ್ಲೋ ಅನಮಾನ ಬಂದ್ರ ಅರಗು ಹಚ್ಚಿ ಬಿಡ್ತಾರ. ಅರಗು ಒಡೀತಂದ್ರ ಸೀಳು ಬೆಳ್ಯಾಕತ್ತೇತಿ ಅಂತ ಅರ್ಥ. ಬೆಟಗೇರಿ ಸರಳಿಗೆ ಅವ್ರ ಹಚ್ಚಿದ್ರು. ದಿನಾ ಏರಿ ನೋಡ್ತಿದ್ರು. ಒಡದಿರಲಿಲ್ಲ. ಅಲ್ಲಿ ಗ್ವಾಡಿ ಅದಾವ್ರಿ, ಉಗಿಗೆ ಅರಗು ಮೆತ್ತಗ ಆಗಿತ್ತು ಕಾಣ್ತೇತಿ.” ಅವಳು ಮೂಗು ಒರೆಸಿಕೊಂಡಳು. “ಆದ್ರೂ ಸಕ್ರಪ್ಪಣ್ಣಗ ಬುಡಕ ನಿಂದರಬ್ಯಾಡ ಅಂದಿದ್ರು. ಅದಕ್ಕ ಜಗಳಾ ಆತು. ಇದನ್ನ ಯಾರ ಮುಂದೂ ಹೇಳಬ್ಯಾಡ ಅಂತ ನನ್ನ ಕಡಿಂದ ಆಣಿ ಮಾಡಿಸ್ಕೊಂಡಾರ್ರಿ. ಯಾಕಂತ ಹೇಳಲಿಲ್ಲ. ನೀವು ಬಿಡಿಸಾಕ ಬಂದೀರಿ ಅಂತ ಹೇಳೇನಿ.”

ವಿಮಲಾಬಾಯಿ ಹಿಂದೆ ತಿರುಗಲಿಲ್ಲ. ತಿರುಗದೆಯೂ ಅಲ್ಲಿ ಮುದಕಪ್ಪ ನಿಂತಿದ್ದಾನೆ, ಎಲ್ಲವನ್ನೂ ಕೇಳಿಸಿಕೊಂಡಿದ್ದಾನೆ ಎಂದು ಆಕೆಗೆ ಗೊತ್ತಿತ್ತು.

“ಬಾಯಾರ,” ಎಂದ ಅವನು ಬಹಳ ಮೆಲ್ಲಗೆ. “ಮುಂಜಾನೆ ನೀವು ಅಂದದ್ದು ಫೌಜದಾರ್ರು ನನ್ನ ಕೈಲೆನ ಬರಸ್ಯಾರ್ರಿ. ಕೊಂದದ್ದು ಆ ಕೈ ಅಂತ.”

ರಹಿಮತಬಿ ಅವನ ಮುಖ ನೋಡಿದಳು. ಆಮೇಲೆ ವಿಮಲಾಬಾಯಿಯ ಮುಖ ನೋಡಿದಳು. ಸೊಸೆಯ ತೋಳು ಹಿಡಿದಿದ್ದ ಅವಳ ಕೈ ಮೆಲ್ಲಗೆ ಸಡಿಲಾಯಿತು.

ವಿಮಲಾಬಾಯಿ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಮೇಲಿನಿಂದ ಚಿಟ್ ಎಂದು ಸಣ್ಣ ಸದ್ದಾಯಿತು, ಉಗುರಿನಿಂದ ತಟ್ಟೆ ತಟ್ಟಿದಷ್ಟು.

ಕುದಿಯುವ ಹಳದಿ ನೀರಿನ ಮೇಲೆ ಒಂದು ಕೆಂಪು ಚೂರು ಬಿತ್ತು. ಅದು ಕರಗಿ, ದೊಡ್ಡದಾಗಿ, ನೀರಿನ ಜೊತೆ ಸುತ್ತತೊಡಗಿತು. ಕಡಾಯಿಯ ಆಚೆ ಇಸಾಕ ಇನ್ನೂ ಸರಪಳಿಯನ್ನು ಭುಜಕ್ಕೆ ಸುತ್ತಿಕೊಂಡೇ ನಿಂತಿದ್ದ.